ಕೊಂಬಿಲ್ಲದ ಆದೇಶ

ನಮ್ಮೂರಿನ ನೀರು ತಗ್ಗು ನೋಡಿ ಹರಿಯುವುದಿಲ್ಲ, ಆದೇಶ ನೋಡಿ ಹರಿಯುತ್ತದೆ. ಕೆರೆಯ ತೂಬಿನ ಪಕ್ಕದಲ್ಲಿ ಒಂದು ಹಲಗೆ ಇದೆ. ಸರ್ಕಾರ ಹೊರಡಿಸಿದ ಕಾಗದವನ್ನು ಆ ಹಲಗೆಗೆ ಮೊಳೆ ಹೊಡೆದು ತೂಬು ಎತ್ತಿದರೆ, ನೀರು ಹೊರಗೆ ಬಂದು, ಹಲಗೆಯ ಮುಂದೆ ಅರೆಗಳಿಗೆ ನಿಂತು, ಒಂದು ಸುತ್ತು ಸುಳಿದು, ಆಮೇಲೆ ಯಾವ ಹೊಲಕ್ಕೆ ಹೋಗಬೇಕೆಂದು ಬರೆದಿದೆಯೋ ಆ ಹೊಲಕ್ಕೆ ಹೋಗುತ್ತದೆ. ದಾರಿಯಲ್ಲಿ ದಿಬ್ಬ ಬಂದರೆ ದಿಬ್ಬ ಹತ್ತುತ್ತದೆ. ಮೊಹರು ಮಸುಕಾಗಿದ್ದರೆ ಹಲಗೆಯ ಬುಡದಲ್ಲೇ ನಿಂತುಬಿಡುತ್ತದೆ. ಎರಡನೇ ಶನಿವಾರ ನಮಗೂ ರಜೆ, ಅದಕ್ಕೂ ರಜೆ. ಬಾವಿಯ ನೀರಿಗೆ ಮಾತ್ರ ಓದು ಬರುವುದಿಲ್ಲ, ಯಾರು ಸೇದಿದರೂ ಬರುತ್ತದೆ. ಹೊರಗಿನಿಂದ ಬಂದವರು ಇದನ್ನೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ನಮಗೆ ಅಷ್ಟು ಪುರುಸೊತ್ತಿಲ್ಲ, ಮನೆಯಲ್ಲಿ ಬಟ್ಟೆ ನೆನೆಸಿಟ್ಟು ಬಂದಿರುತ್ತೇವೆ.

ನಾನು ವಿಶಾಲಾಕ್ಷಿ. ನೀರು ಹಕ್ಕು ಕಚೇರಿಯ ಬೆರಳಚ್ಚುಗಾರ್ತಿ, ಊರಿನವರ ಬಾಯಲ್ಲಿ ಟೈಪಿಸ್ಟಮ್ಮ. ಇಪ್ಪತ್ತಾರು ವರ್ಷದಿಂದ ಈ ಊರಿನ ಕಾಲುವೆಯಲ್ಲಿ ಹರಿದ ಒಂದೊಂದು ಹನಿಯೂ ನಾನು ಟೈಪಿಸಿದ್ದನ್ನು ಓದಿಕೊಂಡೇ ಹರಿದದ್ದು. ಸಾಹೇಬರುಗಳು ಬರುತ್ತಾರೆ, ಸಹಿ ಮಾಡುತ್ತಾರೆ, ವರ್ಗವಾಗಿ ಹೋಗುತ್ತಾರೆ. ನೀರಿಗೆ ಗೊತ್ತಿರುವುದು ನನ್ನ ಅಕ್ಷರ. ಅಷ್ಟು ವರ್ಷದಲ್ಲಿ ಒಂದೇ ಒಂದು ತಪ್ಪು ಮಾಡಿರಲಿಲ್ಲ ಎಂದು ನಾನು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ನನಗೆ ಜಂಬ ಎಂದು ಬೆನ್ನ ಹಿಂದೆ ಆಡಿಕೊಳ್ಳುವವರಿದ್ದರು. ಇತ್ತು, ಜಂಬವೇ ಇತ್ತು, ಏನೀಗ?

ಪ್ರತಿ ಸೋಮವಾರ ಹನ್ನೊಂದು ಗಂಟೆಗೆ ಪುಟ್ಟನಿಂಗಮ್ಮ ಬರುತ್ತಿದ್ದಳು. ಸೊಪ್ಪು ಮಾರುವ ಹೆಂಗಸು, ಕಾಲುವೆಯ ಏರಿಗೆ ಅಂಟಿಕೊಂಡೇ ಅವಳ ಇಪ್ಪತ್ತು ಗುಂಟೆ ಜಮೀನು. ನೀರು ಅವಳ ಬದುವಿನವರೆಗೆ ಬಂದು, ಹಳೇ ಜಗಳದ ನೆಂಟರ ಹಾಗೆ ಮುಖ ತಿರುಗಿಸಿಕೊಂಡು ಮುಂದೆ ಹೋಗುತ್ತಿತ್ತು. ಏಕೆಂದರೆ ಅವಳಿಗೆ ಹಕ್ಕಿರಲಿಲ್ಲ. ನಮ್ಮ ಕಾನೂನಿನ ಪ್ರಕಾರ ಹಿಂದೆ ಒಂದು ಸಲವಾದರೂ ನೀರು ಪಡೆದ ದಾಖಲೆ ಇದ್ದವರಿಗೆ ಮಾತ್ರ ಮುಂದೆ ನೀರು. ಜಮೀನಿನ ಬದುವಿನಿಂದ ಬದುವಿಗೆ ನೀರು ನಿಂತದ್ದನ್ನು ತೂಬು ನೋಡಿಕೊಳ್ಳುವ ನೀರುಗಂಟಿ ಕಣ್ಣಾರೆ ಕಂಡು, ತನ್ನ ಪುಸ್ತಕದಲ್ಲಿ ಬರೆದು, ಒಡೆಯರ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದೇ ದಾಖಲೆ.

“ನೀರೇ ಕೊಡ್ದೆ, ನೀರು ಕುಡ್ದಿದ್ದಕ್ಕೆ ರಸೀದಿ ತಗಂಬಾ ಅಂತೀರಲ್ಲ ಟೈಪಿಸ್ಟಮ್ಮ, ನಾನೆಲ್ಲಿಂದ ತರ್ಲಿ?” ಎನ್ನುತ್ತಿದ್ದಳು. “ನನ್ನ ಕೇಳ್ಬೇಡಿ, ನಾನು ಬರೀ ಟೈಪ್ ಮಾಡೋಳು” ಎನ್ನುತ್ತಿದ್ದೆ ನಾನು. ಅವಳ ಅರ್ಜಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರವನ್ನು ಟೈಪಿಸಿ ಕೈಗೆ ಕೊಡುತ್ತಿದ್ದೆ. ಅವಳು ಅದನ್ನು ಮಡಚಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು, ಮೇಜಿನ ಮೇಲೆ ಒಂದು ಕಟ್ಟು ದಂಟಿನ ಸೊಪ್ಪು ಇಡುತ್ತಿದ್ದಳು. ಬಾವಿಯಿಂದ ಬಿಂದಿಗೆಯಲ್ಲಿ ಹೊತ್ತು ಬೆಳೆದ ಸೊಪ್ಪು. “ಲಂಚ ಕೊಡ್ತೀರಾ? ಎತ್ಕೊಳ್ರಿ ಮೊದ್ಲು” ಎಂದು ನಾನು ಗದರುತ್ತಿದ್ದೆ. ಹೀಗೆ ಹನ್ನೊಂದು ವರ್ಷ ನಡೆಯಿತು. ನಾನು ಹೇಳುತ್ತಿರುವುದು ಹನ್ನೆರಡನೆಯ ವರ್ಷದ ಕೊನೆಯ ತಿಂಗಳ ಕಥೆ. ಹನ್ನೆರಡು ವರ್ಷ ಎಡೆಬಿಡದೆ ನೀರು ಕಾಣದ ಜಮೀನನ್ನು ಕಾಲುವೆ ಪಟ್ಟಿಯಿಂದ ತೆಗೆದುಹಾಕಿ, ಇನ್ನೆಂದೂ ಅರ್ಜಿ ತೆಗೆದುಕೊಳ್ಳಬಾರದು ಎಂದೂ ನಮ್ಮ ಕಾನೂನಿನಲ್ಲಿದೆ. ಆ ತಿಂಗಳ ಮೂವತ್ತನೇ ತಾರೀಕು ಸಂಜೆ ಐದಕ್ಕೆ ಅವಳ ಗಡುವು ಮುಗಿಯುತ್ತಿತ್ತು.

ಅದೇ ತಿಂಗಳು ನನ್ನ ಬೆರಳಚ್ಚು ಯಂತ್ರದಲ್ಲಿ ಕೊಂಬು ಮುರಿಯಿತು. ಕೊಂಬು ಎಂದರೆ ಅಕ್ಷರದ ಕೊಂಬು, ‘ಕ’ವನ್ನು ‘ಕು’ ಮಾಡುವ ಆ ಸಣ್ಣ ಬಾಲ. ಕೊಂಬಿಲ್ಲದೆ ಕನ್ನಡದಲ್ಲಿ ಏನು ಬರೆಯಲು ಸಾಧ್ಯ ಹೇಳಿ? ನೀರು ನೀರ ಆಗುತ್ತದೆ, ಊರು ಊರ ಆಗುತ್ತದೆ. ಹೊಸದಾಗಿ ಬಂದಿದ್ದ ನಮ್ಮ ಸಾಹೇಬರ ಹೆಸರು ಗುರುಶಾಂತಪ್ಪ. ಅವರ ಮೊದಲ ಪತ್ರ ‘ಗರಶಾಂತಪ್ಪ’ ಎಂದೇ ಹೊರಟಿತ್ತು, ಬಾಗಿಲಲ್ಲಿ ಹಿಡಿದು ತಂದೆ. ‘ಬೆರಳಚ್ಚು ಯಂತ್ರಕ್ಕೆ ಒಂದು ಕೊಂಬು ಒದಗಿಸಿ’ ಎಂದು ಉಗ್ರಾಣಕ್ಕೆ ಬರೆದೆ. ‘ಯಾವ ಪ್ರಾಣಿಯದು, ಎಡದ್ದೋ ಬಲದ್ದೋ ಎಂಬುದನ್ನು ಸ್ಪಷ್ಟಪಡಿಸತಕ್ಕದ್ದು’ ಎಂದು ಉತ್ತರ ಬಂತು. ನನಗೆ ಎಲ್ಲಿಲ್ಲದ ಸಿಟ್ಟು ಬಂದು ‘ಯಾವುದಾದರೂ ಸರಿ, ಬೇಗ ಕಳಿಸಿ’ ಎಂದು ಬರೆದು ಹಾಕಿದೆ. ಅಲ್ಲಿಯವರೆಗೆ ಕೊಂಬಿನ ಜಾಗ ಖಾಲಿ ಬಿಟ್ಟು ಟೈಪಿಸುವುದು, ಆಮೇಲೆ ಇಂಕ್ ಪೆನ್ನಿನಲ್ಲಿ ಒಂದೊಂದಾಗಿ ಕೊಂಬು ಎಳೆಯುವುದು ಎಂದು ಇಟ್ಟುಕೊಂಡೆ.

ಗುರುಶಾಂತಪ್ಪ ಸಾಹೇಬರಿಗೆ ಊರಿಗೆ ಕಾಲಿಟ್ಟ ಕೂಡಲೇ ಏನಾದರೂ ಸುಧಾರಿಸಬೇಕಿತ್ತು. ಹೊಲಕ್ಕೊಂದು ಆದೇಶ ಏಕೆ, ಎಲ್ಲಕ್ಕೂ ಸೇರಿ ಒಂದೇ ಆದೇಶ ಸಾಕು ಎಂದರು. ಎಂಟು ಪುಟ ಬರೆಸಿದರು. ಏಳೂಮುಕ್ಕಾಲು ಪುಟ ‘ಮೇಲೆ ಓದಲಾದ’, ‘ಪ್ರಸ್ತಾವನೆ’, ‘ಸದರಿ’. ಕೊನೆಗೆ ಒಂದು ಸಾಲು: ‘ನೀರಿನ ಹಕ್ಕು ಯಾರ ಜಮೀನಿನಲ್ಲಿ ನೆಲೆಸಿರುವುದೋ ಆ ಜಮೀನಿಗೆ ನೀರು ಹರಿಯತಕ್ಕದ್ದು.’ ಒಟ್ಟು ಮುನ್ನೂರಾ ಹನ್ನೆರಡು ಕೊಂಬು. ನಾನು ಎರಡು ದಿನ ಕೇಳಿದೆ. “ಎಂಟು ಪುಟಕ್ಕೆ ಎರಡು ದಿನ ಬೇಕೇನ್ರಿ? ನಿಮಗೇನು ಕೊಂಬು ಬಂದಿದ್ಯಾ?” ಎಂದರು ಸಾಹೇಬರು. “ಬಂದಿಲ್ಲ ಸಾರ್, ಇದ್ದದ್ದೂ ಮುರಿದಿದೆ” ಎಂದೆ. ಜವಾನ ಕಿಸಕ್ಕನೆ ನಕ್ಕ. ಸಾಹೇಬರು ನಗಲಿಲ್ಲ. ಮಧ್ಯಾಹ್ನದೊಳಗೆ ಮೇಜಿನ ಮೇಲಿರಬೇಕು ಎಂದು ಹೇಳಿ ಬಾಗಿಲು ಹಾಕಿಕೊಂಡರು. ಹಲ್ಲು ಕಚ್ಚಿಕೊಂಡು, ಮನಸ್ಸಿನಲ್ಲೇ ಅವರಿಗೆ ಅಷ್ಟೋತ್ತರ ಮಾಡುತ್ತ, ಮುನ್ನೂರಾ ಹನ್ನೆರಡು ಕೊಂಬನ್ನು ಒಂದೇ ಏಟಿಗೆ ಎಳೆದು ಕೊಟ್ಟೆ. ಸಾಹೇಬರು ಓದದೆ ಸಹಿ ಹಾಕಿದರು. ನೀರುಗಂಟಿ ಕೆಂಪಸಿದ್ದ ಅದನ್ನು ಒಯ್ದು ಹಲಗೆಗೆ ಮೊಳೆ ಹೊಡೆದು ತೂಬು ಎತ್ತಿದ.

ಮರುದಿನ ಬೆಳಿಗ್ಗೆ ಊರಿನ ನೀರೆಲ್ಲ ಪಶು ಆಸ್ಪತ್ರೆಯ ಅಂಗಳದಲ್ಲಿತ್ತು. ಮೊಣಕಾಲುದ್ದ. ಚಿಕಿತ್ಸೆಗೆ ಬಂದಿದ್ದ ಎಮ್ಮೆಗಳು ಅದರಲ್ಲಿ ಮಲಗಿಕೊಂಡು ಮನೆಗೆ ಬರುವುದಿಲ್ಲ ಎಂದು ಹಟ ಹಿಡಿದಿದ್ದವು. ಅದರ ಮರುದಿನ ಹೆಣ್ಣುಮಕ್ಕಳ ಶಾಲೆಯ ಮೈದಾನದಲ್ಲಿ ನೀರು. ಮೂರನೇ ದಿನ ಕೆಂಪಸಿದ್ದ ನನ್ನ ಕಿಟಕಿಯ ಹತ್ತಿರ ಬಂದು ತಲೆ ಕೆರೆದುಕೊಂಡ. ಮೂವತ್ತು ವರ್ಷ ನೀರಿನ ಜೊತೆ ನಡೆದ ಮನುಷ್ಯ, ಸುಮ್ಮನೆ ಮಾತಾಡುವವನಲ್ಲ. “ಟೈಪಿಸ್ಟಮ್ಮ, ನೀರು ಕೊಕ್ಕರೆ ಹಿಂದೆ ಹೋಯ್ತಾ ಐತೆ” ಎಂದ. “ಯಾವ ಕೊಕ್ಕರೆ?” “ನಮ್ಮ ಕೆರೇಲಿ ಇರೋದೇ ಒಂದಲ್ವಾ, ಆ ಒಂಟಿಕಾಲಲ್ಲಿ ನಿಂತ್ಕಳ್ಳೋದು. ಅದು ಎಲ್ಲಿ ನಿಂತ್ಕಂತದೋ ನೀರು ಅಲ್ಲಿಗೇ ಹೋಗಿ ನಿಂತ್ಕಂತದೆ.”

ಕಡತದಿಂದ ಪ್ರತಿಯನ್ನು ತೆಗೆದು ಕೊನೆಯ ಸಾಲು ಓದಿದೆ. ‘ನೀರಿನ ಹಕ್ಕಿ ಯಾರ ಜಮೀನಿನಲ್ಲಿ ನೆಲೆಸಿರುವುದೋ.’ ಸಿಟ್ಟಿನ ಭರದಲ್ಲಿ ಕೊಂಬು ಎಳೆಯುವ ಬದಲು ತಲೆಯ ಮೇಲೆ ಗುಡಿಸು ಎಳೆದಿದ್ದೆ. ಪ್ರತಿಯನ್ನು ಎಲ್ಲ ಕಡತಗಳ ಅಡಿಗೆ ತಳ್ಳಿ, ಅದರ ಮೇಲೆ ಊಟದ ಡಬ್ಬಿ ಇಟ್ಟೆ. ಕೆಂಪಸಿದ್ದನಿಗೆ “ನೀರಿಗೆ ಏನೋ ಆಗಿರ್ಬೇಕು” ಎಂದೆ. ಇಪ್ಪತ್ತಾರು ವರ್ಷದ ಹೆಸರು ಒಂದು ಗುಡಿಸಿಗೆ ಹೋಗುತ್ತದಲ್ಲ. ನಾಚಿಕೆಯಾಯಿತು, ಭಯವೂ ಆಯಿತು, ಆದರೂ ಬಾಯಿ ಬಿಡಲಿಲ್ಲ.

ಕೊನೆಗೆ ಆದೇಶವನ್ನು ಓದಿಸಿದವರು ದೊಡ್ಡಮನೆ ಶಿವನಂಜಪ್ಪನವರು. ಮುತ್ತಜ್ಜನ ಕಾಲದಿಂದ ದಾಖಲೆ ಇಟ್ಟುಕೊಂಡು ಕಾಲುವೆಯ ಮುಕ್ಕಾಲು ನೀರನ್ನು ತಮ್ಮ ಗದ್ದೆಗೇ ತಿರುಗಿಸಿಕೊಂಡಿದ್ದ ಮನುಷ್ಯ. ಗದ್ದೆ ಒಣಗಿ ನಾಲ್ಕು ದಿನವಾಗಿತ್ತು. “ನಿಮ್ಮ ಆದೇಶಾನ ನೀವೇ ಓದಿ ಸ್ವಾಮಿ!” ಎಂದು ಮೇಜು ಕುಟ್ಟಿದರು. ಗುರುಶಾಂತಪ್ಪ ಸಾಹೇಬರು ಕನ್ನಡಕ ಹಾಕಿಕೊಂಡು ಓದಿದರು. ಮುಖದ ಬಣ್ಣ ಬದಲಾಯಿತು. ಆದರೆ ಕೆಳಗೆ ಇದ್ದದ್ದು ಅವರದೇ ಸಹಿ. “ಹೌದು, ಹಕ್ಕಿ ಅಂತಾನೇ ಇದೆ. ಸರ್ಕಾರ ಯೋಚನೆ ಮಾಡದೆ ಬರೆಯುತ್ತೇನ್ರಿ? ಏನೋ ಉದ್ದೇಶ ಇರುತ್ತೆ” ಎಂದರು. ಶಿವನಂಜಪ್ಪನವರು ಹೋದ ಮೇಲೆ ಬೆವರು ಒರೆಸಿಕೊಂಡು, ಉದ್ದೇಶ ಏನಿರಬಹುದೆಂದು ಕೇಳಿ ರಾಜಧಾನಿಗೆ ಪತ್ರ ಬರೆಸಿದರು. ಅದನ್ನೂ ನಾನೇ ಟೈಪಿಸಿದೆ. ಕೊಂಬುಗಳನ್ನೂ ನಾನೇ ಎಳೆದೆ.

ಉತ್ತರ ಬರುವವರೆಗೆ ಊರು ಹೊಂದಿಕೊಂಡಿತು. ಬೇರೆ ದಾರಿ ಇರಲಿಲ್ಲ. ಜನ ಕೊಕ್ಕರೆಯನ್ನು ‘ಸಾಹೇಬ್ರು’ ಎಂದು ಕರೆಯತೊಡಗಿದರು. ಬೆಳಗಾದರೆ “ಸಾಹೇಬ್ರು ಇವತ್ತೆಲ್ಲಿ?” ಎಂದು ಒಬ್ಬರನ್ನೊಬ್ಬರು ಕೇಳುವುದು. ತಮ್ಮ ಹೊಲಕ್ಕೆ ಇಳಿಯಲಿ ಎಂದು ಬುಟ್ಟಿಗಟ್ಟಲೆ ಮೀನು ತಂದು ಸುರಿಯುವುದು, ಪಕ್ಕದವರ ಹೊಲಕ್ಕೆ ಇಳಿದರೆ ತಮಟೆ ಬಡಿದು ಎಬ್ಬಿಸುವುದು. ಒಬ್ಬರು ಸುಣ್ಣ ಬಳಿದ ಮಣ್ಣಿನ ಕೊಕ್ಕರೆ ಮಾಡಿ ನಿಲ್ಲಿಸಿದರು. ನೀರು ಬಂದು ಅದನ್ನು ಒಂದು ಸುತ್ತು ನೋಡಿ, ಬಣ್ಣ ತೊಳೆದು ವಾಪಸು ಹೋಯಿತು. ಶಿವನಂಜಪ್ಪನವರಂತೂ ಬಲೆ ಹಾಕಿ ಹಿಡಿಸಿ ಕಾಲಿಗೆ ದಾರ ಕಟ್ಟಿ ಗದ್ದೆಯಲ್ಲಿ ನಿಲ್ಲಿಸಿಯೇಬಿಟ್ಟರು. ನೀರು ಬದುವಿನ ಮೇಲೆ ನಿಂತು ಒಳಗೆ ಇಳಿಯಲೇ ಇಲ್ಲ. ಆದೇಶದಲ್ಲಿ ‘ನೆಲೆಸಿರುವುದೋ’ ಎಂದಿತ್ತು, ‘ಕಟ್ಟಿಹಾಕಿರುವುದೋ’ ಎಂದಿರಲಿಲ್ಲ. ನಮ್ಮೂರಿನಲ್ಲಿ ಸರ್ಕಾರದ ಕಾಗದವನ್ನು ಪೂರ್ತಿ ಓದುವುದು ನೀರು ಒಂದೇ. ದಾರ ಬಿಚ್ಚಿದ್ದೇ ಕೊಕ್ಕರೆ ಹಾರಿ ನಮ್ಮ ಕಚೇರಿಯ ಮಾಡಿನ ಮೇಲೆ ಕುಳಿತಿತು. ಅವತ್ತು ನಾವು ಕುರ್ಚಿಯ ಮೇಲೆ ಕಾಲು ಎತ್ತಿಕೊಂಡು ಕೆಲಸ ಮಾಡಿದೆವು.

ಇಪ್ಪತ್ತಮೂರನೇ ತಾರೀಕು ಸೋಮವಾರ ಪುಟ್ಟನಿಂಗಮ್ಮ ಬಂದಳು. ಸೊಪ್ಪಿನ ಕಟ್ಟು ಇರಲಿಲ್ಲ. “ಬಿಂದಿಗೆ ಹೊತ್ತೂ ಹೊತ್ತೂ ಸೊಂಟ ಬಿದ್ದೋಯ್ತು ಕಣವ್ವ. ಈಗ ಸರ್ಕಾರ ಹಕ್ಕಿ ಕೈಗೆ ಕೊಟ್ಟದಂತಲ್ಲ, ಹಕ್ಕಿಗೆ ಅರ್ಜಿ ಹಾಕೋದು ಹೆಂಗೆ? ನಮೂನೆ ಐತಾ?” ಎಂದಳು. ನಗು ಬರಲಿಲ್ಲ. “ನೀವೂ ಒಂದು ಬುಟ್ಟಿ ಮೀನು ಇಡಿ” ಎಂದೆ. “ನಾನು ಮೀನು ತಿಂದೇ ವರ್ಸ ಆಯ್ತು, ಹಕ್ಕಿಗೆ ಎಲ್ಲಿಂದ ತರ್ಲಿ? ಹೋಗ್ಲಿ ಬುಡಿ, ಮೂವತ್ತನೇ ತಾರೀಕು ಕೊನೇ ಅರ್ಜಿ ಕೊಟ್ಟೋಯ್ತೀನಿ. ಆಮ್ಯಾಕೆ ನಿಮ್ಗೂ ಕಾಟ ಇಲ್ಲ” ಎಂದು ಎದ್ದಳು. ಅವತ್ತು ರಾತ್ರಿಯ ಊಟ ನನಗೆ ರುಚಿಸಲಿಲ್ಲ.

ಮೂವತ್ತನೇ ತಾರೀಕು ಬೆಳಿಗ್ಗೆ ರಾಜಧಾನಿಯಿಂದ ಉತ್ತರ ಬಂತು. ‘ಹಕ್ಕಿ ಎಂದಿರುವಲ್ಲಿ ಹಕ್ಕು ಎಂದು ಓದಿಕೊಳ್ಳತಕ್ಕದ್ದು. ಮೂಲ ಆದೇಶವನ್ನು ಪೂರ್ತಿ ಮತ್ತೆ ಟೈಪಿಸಿ ಇಂದೇ ಹೊರಡಿಸತಕ್ಕದ್ದು.’ ಶಿವನಂಜಪ್ಪನವರಿಗೆ ಸುದ್ದಿ ಹೇಗೆ ಮುಟ್ಟಿತೋ, ಹತ್ತೂವರೆಗೆ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಸುತ್ತಿಗೆ, ಮೊಳೆ ಸಮೇತ ಕುಳಿತರು. ಕೆಂಪಸಿದ್ದನನ್ನು ನಂಬದೆ ತಾವೇ ಹೊಡೆಯುತ್ತಾರಂತೆ. ಬಾಗಿಲ ಬಳಿಯ ಬೆಂಚಿನ ಮೇಲೆ ಪುಟ್ಟನಿಂಗಮ್ಮ ಕೊನೆಯ ಅರ್ಜಿ ಹಿಡಿದುಕೊಂಡು ಕುಳಿತಿದ್ದಳು. ಸಾಹೇಬರು ಕರೆದಾಗ ಕೊಡಬೇಕಿತ್ತು, ಸಾಹೇಬರು ಕರೆದಿರಲಿಲ್ಲ. ನಾನು ಟೈಪಿಸಿ ಮುಗಿಸುವಾಗ ಎರಡೂವರೆ. ಇನ್ನು ಕೊಂಬು ಎಳೆಯುವುದು ಬಾಕಿ.

ಆಗ ಕೆಂಪಸಿದ್ದ ಕಿಟಕಿಗೆ ಬಂದ. ಏದುಸಿರು ಬಿಡುತ್ತಿದ್ದ. ಶಿವನಂಜಪ್ಪನವರು ತೂಕಡಿಸುವುದನ್ನು ಕಾದು ಮೆಲ್ಲಗೆ ಹೇಳಿದ, “ಹಕ್ಕಿ ಪುಟ್ಟನಿಂಗವ್ವನ ಹೊಲದಾಗೆ ನಿಂತದೆ. ಎಲ್ಲಾ ಕಡೆ ತಮಟೆ, ಮೀನು, ಕೂಗಾಟ. ಅಲ್ಲಿ ಮಾತ್ರ ಒಂದು ನರಪಿಳ್ಳೆ ಇಲ್ಲ, ಅದ್ಕೇ ನೆಮ್ಮದಿಯಾಗಿ ಒಂಟಿಕಾಲಲ್ಲಿ ನಿದ್ದೆ ಹೊಡೀತದೆ. ನೀರು ಒಳಗೆ ಬಂದದೆ. ಅರ್ಧ ಹೊಲ ತುಂಬಿದೆ. ಬದುವಿಂದ ಬದುವಿಗೆ ನಿಲ್ಲೋಕೆ ಇನ್ನೂ ಎರಡು ಗಂಟೆ ಬೇಕು. ಆ ಕಾಗ್ದ ಈಗ್ಲೇ ಹಲಗೆಗೆ ಬಿದ್ರೆ ನೀರು ಅರ್ಧಕ್ಕೇ ವಾಪಸು ಬತ್ತದೆ.”

ನಾನು ಎದ್ದು ನೀರು ಕುಡಿಯುವ ನೆಪದಲ್ಲಿ ಬೆಂಚಿನ ಹತ್ತಿರ ಹೋದೆ. “ಪುಟ್ಟನಿಂಗಮ್ಮ, ಹೊಲಕ್ಕೆ ಹೋಗಿ” ಎಂದು ಪಿಸುಗುಟ್ಟಿದೆ. “ಅಯ್ಯೋ, ಅರ್ಜಿ ಕೊಡ್ಬೇಕಲ್ಲವ್ವ.” “ಅರ್ಜಿ ಮನೆ ಹಾಳಾಗ್ಲಿ! ಹೋಗ್ರಿ ಅಂದ್ರೆ. ಬದುವಿನ ಮೇಲೆ ಸದ್ದು ಮಾಡದೆ ಕೂತ್ಕೊಳ್ಳಿ. ಹಕ್ಕಿ ಹತ್ರ ಹೋಗ್ಬೇಡಿ, ಕೆಮ್ಮಲೂ ಬೇಡಿ. ಹೆಬ್ಬೆಟ್ಟು ತೊಳ್ಕೊಂಡಿರಿ.” ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು. ಕೆಂಪಸಿದ್ದ ಹಿಂದೆಯೇ ಓಡಿದ. ಸೊಂಟ ಬಿದ್ದ ಹೆಂಗಸು ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ.

ಕುರ್ಚಿಗೆ ಬಂದು ಪೆನ್ನು ತೆಗೆದೆ. ಮೊದಲನೇ ಕೊಂಬು ಎಳೆದೆ. ಊದಿ ಆರಿಸಿದೆ. ಎರಡನೇ ಕೊಂಬು. ಕಾಗದವನ್ನು ದೂರ ಹಿಡಿದು ಸೊಟ್ಟ ಇದೆಯೇ ನೋಡಿದೆ. ನಾಲ್ಕನೇ ಕ್ಲಾಸಿನ ಕಾಪಿ ಪುಸ್ತಕದಲ್ಲೂ ನಾನು ಅಷ್ಟು ಚೆಂದದ ಕೊಂಬುಗಳನ್ನು ಬರೆದಿರಲಿಲ್ಲ. ಮೂರೂವರೆಯಾದರೂ ಮೂರನೇ ಪುಟ. ಶಿವನಂಜಪ್ಪನವರು ಕುರ್ಚಿಯಲ್ಲಿ ಮಿಸುಕಾಡಿದರು. “ಏನ್ರಿ ಇದು, ರಂಗೋಲಿ ಬಿಡ್ತಿದ್ದೀರಾ?” ಎಂದರು. ನಾನು ಇನ್ನೊಂದು ಕೊಂಬನ್ನು ಊದಿ ಆರಿಸಿದೆ. ನಾಲ್ಕು ಗಂಟೆಗೆ ಅವರು ಎದ್ದು ಹೋಗಿ ಸಾಹೇಬರನ್ನೇ ಕರೆದು ತಂದರು. “ನೋಡಿ ಸ್ವಾಮಿ, ಬೇಕಂತಲೇ ನಿಧಾನ ಮಾಡ್ತಾ ಇದ್ದಾರೆ. ಆ ಪೆನ್ನು ಇಲ್ಲಿ ಕೊಡಿ, ನಾನೇ ಎಳೀತೀನಿ” ಎಂದು ಕೈ ಚಾಚಿದರು. ಸಾಹೇಬರೂ “ಕೊಡ್ರಿ ಅತ್ಲಾಗೆ” ಎಂದರು.

ಇನ್ನು ಉಳಿದಿದ್ದ ಮಾತು ಒಂದೇ. ಅದನ್ನು ಹೇಳಿದರೆ ಇಪ್ಪತ್ತಾರು ವರ್ಷ ಹೋಗುತ್ತಿತ್ತು. ಹೇಳದಿದ್ದರೆ ಪೆನ್ನು ಹೋಗುತ್ತಿತ್ತು.

“ಕೊಡಲ್ಲ ಸಾರ್” ಎಂದೆ. ಧ್ವನಿ ಸ್ವಲ್ಪ ಜೋರಾಗಿಯೇ ಬಂತು. “ಹೋದ್ಸಲ ಅವಸರದಲ್ಲಿ ಎಳೆದಿದ್ದಕ್ಕೇ ಹಕ್ಕು ಹೋಗಿ ಹಕ್ಕಿ ಆಗಿದ್ದು. ಅದು ಸರ್ಕಾರದ ಉದ್ದೇಶ ಅಲ್ಲ, ನಿಮ್ಮ ತಪ್ಪೂ ಅಲ್ಲ. ನನ್ನ ತಪ್ಪು. ನಾನೇ ಮಾಡಿದ್ದು, ಗೊತ್ತಿದ್ದೂ ಮುಚ್ಚಿಟ್ಟಿದ್ದೆ. ಈ ಸಲ ಒಂದು ಕೊಂಬು ತಪ್ಪಿದ್ರೆ ನೀರು ಎಲ್ಲಿಗೆ ಹೋಗುತ್ತೋ ಯಾರಿಗೆ ಗೊತ್ತು? ನೀವೇ ಹೇಳಿ ಸಾರ್, ಅವಸರ ಮಾಡ್ಲಾ, ನಿಧಾನವಾಗಿ ಸರಿಯಾಗಿ ಮಾಡ್ಲಾ?”

ಜವಾನ ಚಹಾದ ಲೋಟ ಹಿಡಿದು ಹಾಗೇ ನಿಂತಿದ್ದ. ಸಾಹೇಬರ ಮುಖ ಕೆಂಪಾಯಿತು, ಬಿಳಿಯಾಯಿತು, ಕೊನೆಗೆ ತಪ್ಪು ತಮ್ಮದಲ್ಲ ಎಂಬುದು ಒಳಗಿಳಿದು ಸ್ವಲ್ಪ ಕಳೆ ಬಂತು. ಒಂದು ಹೆಜ್ಜೆ ಹಿಂದೆ ಸರಿದು, “ನಿಧಾನವಾಗಿ ಮಾಡಿ. ನೀವು ಕೂತ್ಕೊಳ್ಳಿ ಶಿವನಂಜಪ್ಪನೋರೆ” ಎಂದರು. ನಾನು ಮತ್ತೆ ಪೆನ್ನು ಹಿಡಿದೆ. ಐದಕ್ಕೆ ಹತ್ತು ನಿಮಿಷ ಇರುವಾಗ ಮುನ್ನೂರಾ ಹನ್ನೆರಡನೇ ಕೊಂಬು ಮುಗಿಯಿತು. ಮೊಹರು ಬಿದ್ದದ್ದೇ ಶಿವನಂಜಪ್ಪನವರು ಪಂಚೆ ಎತ್ತಿ ಕಟ್ಟಿ ತೂಬಿನ ಕಡೆ ಓಡಿದರು. ಅವರು ಹೊಡೆದ ಮೊಳೆಯ ಸದ್ದು ಕಚೇರಿಯವರೆಗೆ ಕೇಳಿಸಿತು. ನೀರು ಓದಿತು, ಸುಳಿಯಿತು, ಅವರ ಗದ್ದೆಯ ಕಡೆ ತಿರುಗಿತು.

ಆದರೆ ಅಷ್ಟರಲ್ಲಿ ಕೆಂಪಸಿದ್ದನ ಪುಸ್ತಕದಲ್ಲಿ ‘ನಾಲ್ಕು ಗಂಟೆ ನಲವತ್ತು ನಿಮಿಷ, ಬದುವಿನಿಂದ ಬದುವಿಗೆ’ ಎಂದು ಬರೆದಾಗಿತ್ತು. ಪಕ್ಕದಲ್ಲಿ ಕೆಸರು ಮೆತ್ತಿದ ಒಂದು ಹೆಬ್ಬೆಟ್ಟು. ತೊಳೆದುಕೊಳ್ಳಿ ಎಂದು ಹೇಳಿದ್ದೆ, ಅವಳು ಆ ನೀರಿನಲ್ಲೇ ತೊಳೆದುಕೊಂಡಿದ್ದಳಂತೆ. ಸಾಹೇಬರು ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿದರು. ಹಿಂದೆ ಒಂದು ಸಲ ನೀರು ಪಡೆದವರಿಗೆ ಮುಂದೆಯೂ ನೀರು. ಕಾನೂನು ಅವರದೇ, ಏನೂ ಮಾಡುವ ಹಾಗಿರಲಿಲ್ಲ. ವಾರದೊಳಗೆ ಪುಟ್ಟನಿಂಗಮ್ಮನ ಹೆಸರು ಪಟ್ಟಿಗೆ ಏರಿತು. ನನಗೆ ಮೆಮೊ ಬಂತು. ಬಂತು ಎಂದರೇನು, ನನ್ನ ಮೇಲಿನ ಮೆಮೊವನ್ನು ನಾನೇ ಟೈಪಿಸಿ, ಕೊಂಬು ಎಳೆದು, ಸಹಿ ಹಾಕಿಸಿ, ನನಗೇ ಕೊಟ್ಟುಕೊಂಡು, ಮುಟ್ಟಿತು ಎಂದು ಬರೆದುಕೊಟ್ಟೆ. ಊರಿನಲ್ಲಿ ಈಗ ನನ್ನನ್ನು ‘ಹಕ್ಕಿ ಟೈಪಿಸ್ಟಮ್ಮ’ ಎನ್ನುತ್ತಾರೆ. ಎಂದುಕೊಳ್ಳಲಿ.

ಅದರ ಮುಂದಿನ ಸೋಮವಾರ ಉಗ್ರಾಣದಿಂದ ಒಂದು ದೊಡ್ಡ ಪಾರ್ಸೆಲ್ ಬಂತು. ಬಿಚ್ಚಿದರೆ ಒಳಗೆ ಎಮ್ಮೆಯ ಕೊಂಬು. ಎಡದ್ದು. ನಾನು ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಯ್ಯಲು ಶಬ್ದ ಹುಡುಕುತ್ತಿರುವಾಗಲೇ ಪುಟ್ಟನಿಂಗಮ್ಮ ಬಂದಳು. ಹನ್ನೊಂದು ಗಂಟೆ, ಕೈಯಲ್ಲಿ ಅರ್ಜಿಯ ಹಾಳೆ. “ಇನ್ನೇನು ಅರ್ಜಿ ನಿಮ್ದು? ನೀರು ಬರ್ತಿಲ್ವಾ?” ಎಂದೆ. “ಬತ್ತದೆ ಕಣವ್ವ. ಇದು ನನ್ದಲ್ಲ, ಹಕ್ಕೀದು. ಮೊನ್ನೆಗಂಟ ಸಾಹೇಬ್ರು ಸಾಹೇಬ್ರು ಅಂತಿದ್ದೋರು ಈಗ ಕಲ್ಲು ಹೊಡೀತಾರೆ. ದೊಡ್ಡಮನೆಯೋರು ಕೆರೆಗೇ ಇಳೀಬಾರ್ದು ಅಂತ ಕಾವಲು ಇಕ್ಕವ್ರೆ. ಅದ್ಕೂ ಒಂದು ಹಕ್ಕು ಬರ್ಕೊಡಿ.” “ಅದು ಹಿಂದೆ ನೀರು ಪಡೆದಿದ್ದಕ್ಕೆ ದಾಖಲೆ ಬೇಕಲ್ಲ ಪುಟ್ಟನಿಂಗಮ್ಮ?” “ನೀವೇ ಬರ್ದಿದ್ರಲ್ಲವ್ವ ಸರ್ಕಾರದ ಕಾಗ್ದದಾಗೆ, ನೀರಿನ ಹಕ್ಕಿ ಅಂತ! ಮೊಹರು ಐತೆ, ಸಾಹೇಬ್ರ ಸಹಿ ಐತೆ. ಇನ್ನೆಂಥ ದಾಖಲೆ ಬೇಕು?”

ಅವಳು ಮೇಜಿನ ಮೇಲೆ ದಂಟಿನ ಸೊಪ್ಪಿನ ಕಟ್ಟು ಇಟ್ಟಳು. ಕಾಲುವೆ ನೀರು ಕುಡಿದ ಸೊಪ್ಪು, ಎಲೆ ಅಂಗೈಯಗಲ. ಈ ಸಲ ಎತ್ಕೊಳ್ರಿ ಎನ್ನಲಿಲ್ಲ. ಎಮ್ಮೆಯ ಕೊಂಬನ್ನು ಕಿಟಕಿಯ ಮೊಳೆಗೆ ನೇತುಹಾಕಿ, ಯಂತ್ರಕ್ಕೆ ಹಾಳೆ ಸುತ್ತಿ, ‘ವಿಷಯ: ಹಕ್ಕಿಯ ಹಕ್ಕ’ ಎಂದು ಟೈಪಿಸಿದೆ. ಆಮೇಲೆ ಪೆನ್ನು ತೆಗೆದು, ಸ್ವಲ್ಪವೂ ಅವಸರ ಮಾಡದೆ, ಕೊಂಬು ಎಳೆದೆ.